ಕಿವಿಯೊಳಗಿನ ಪುಟ್ಟ ಮೈಕ್: ದಿಕ್ಕಿನ ಕೇಳ್ವಿಕೆ ಅಳೆಯಲು ಯಾವುದು ತಕ್ಕದ್ದು?

ಸದ್ದು ಮುಂದಿನಿಂದ ಬಂತೋ ಹಿಂದಿನಿಂದಲೋ, ಮೇಲಿಂದಲೋ ಕೆಳಗಿನಿಂದಲೋ ಎಂಬ ಗುರುತನ್ನು ತಲೆ, ಭುಜ ಮತ್ತು ಹೊರಕಿವಿಯ ಮಡಿಕೆಗಳು ಸೇರಿ ಸದ್ದಿಗೆ ಅಂಟಿಸುತ್ತವೆ. ಆ ಗುರುತನ್ನು ಒಬ್ಬ ವ್ಯಕ್ತಿಯ ಎರಡೂ ಕಿವಿಗಳಲ್ಲಿ, ಹಲವು ದಿಕ್ಕುಗಳಿಗೆ ಅಳೆದರೆ ಸಿಗುವುದು ಎಚ್‌ಆರ್‌ಟಿಎಫ್ (ಹೆಡ್-ರಿಲೇಟೆಡ್ ಟ್ರಾನ್ಸ್‌ಫರ್ ಫಂಕ್ಷನ್). ಅಳೆಯಲು ಹೊರಟವರಲ್ಲಿ ಹೆಚ್ಚಿನವರು ಮೈಕ್ ಕೊಳ್ಳುವಾಗ ಡೇಟಾಶೀಟಿನ ಎರಡೇ ಸಾಲು ನೋಡುತ್ತಾರೆ: ಫ್ರೀಕ್ವೆನ್ಸಿ ಗೆರೆ ಎಷ್ಟು ಸಪಾಟಾಗಿದೆ, ಸೆಲ್ಫ್ ನಾಯ್ಸ್ (ಮೈಕ್ ತಾನೇ ಹುಟ್ಟಿಸುವ ಗದ್ದಲ) ಎಷ್ಟು ಕಮ್ಮಿ. ಇದೊಂದು ಕೆಲಸಕ್ಕೆ ಮಾತ್ರ ಆ ಎರಡು ಸಾಲುಗಳು ಅಷ್ಟು ಮುಖ್ಯವಾಗುವುದಿಲ್ಲ. ಯಾಕೆ ಎಂಬುದು ಗೊತ್ತಾದರೆ ಆಯ್ಕೆ ಅರ್ಧ ಮುಗಿದಂತೆ.

ಭಾಗಾಕಾರದಲ್ಲಿ ಹೋಗುವುದೇನು, ಉಳಿಯುವುದೇನು

ಎಚ್‌ಆರ್‌ಟಿಎಫ್ ಲೆಕ್ಕದಲ್ಲಿ ಎರಡು ಅಳತೆಗಳಿವೆ. ಮೊದಲನೆಯದು ಮೈಕ್ ಕಿವಿಯಲ್ಲಿದ್ದಾಗ. ಎರಡನೆಯದು ಅದೇ ಮೈಕನ್ನು, ತಲೆಯ ನಡುಬಿಂದು ಇದ್ದ ಜಾಗದಲ್ಲಿ, ತಲೆ ಇಲ್ಲದೆ ಬರಿಯ ಗಾಳಿಯಲ್ಲಿ ನಿಲ್ಲಿಸಿದಾಗ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತೇವೆ. ಸ್ಪೀಕರಿನ ಏರಿಳಿತ, ಸೌಂಡ್ ಕಾರ್ಡಿನದು, ಮೈಕಿನದು ಎಲ್ಲವೂ ಮೇಲೂ ಕೆಳಗೂ ಒಂದೇ ಆದ್ದರಿಂದ ವಜಾ ಆಗುತ್ತವೆ. ಮೈಕಿನ ಗೆರೆಯಲ್ಲಿ 10 ಕಿಲೋಹರ್ಟ್ಸ್ ಹತ್ತಿರ 4 ಡೆಸಿಬಲ್ ಉಬ್ಬು ಇದ್ದರೂ ಉತ್ತರದಲ್ಲಿ ಅದು ಕಾಣುವುದಿಲ್ಲ.

ವಜಾ ಆಗದವು ಬೇರೆ ಇವೆ. ಮೈಕ್ ಕುಳಿತ ಜಾಗ, ಅದರ ಮೈಗಾತ್ರ ಹೊರಕಿವಿಯ ಒಳಗಿನ ಆಕಾರವನ್ನು ಕೆಡಿಸುವುದು, ಮೈಕ್ ಹೂತಿಟ್ಟು ಕಿವಿನಾಳ ಮುಚ್ಚುವ ಮುಚ್ಚಳದ ಸುತ್ತ ಗಾಳಿ ಸೋರುವುದು, ಎರಡು ಅಳತೆಗಳ ನಡುವೆ ಮೈಕಿನ ಸೆನ್ಸಿಟಿವಿಟಿ (ಇಷ್ಟು ಸದ್ದಿಗೆ ಇಷ್ಟು ವೋಲ್ಟೇಜ್ ಎಂಬ ಲೆಕ್ಕ) ಜಾರುವುದು. ಮೈಕಿನ ಗೆರೆ ಯಾವುದಾದರೂ ಪಟ್ಟಿಯಲ್ಲಿ ಗದ್ದಲದ ಮಟ್ಟಕ್ಕೇ ಬಿದ್ದುಹೋಗಿದ್ದರೆ ಅದನ್ನೂ ಭಾಗಾಕಾರ ಸರಿಮಾಡಲಾರದು, ಏಕೆಂದರೆ ಭಾಗಿಸಲು ಅಲ್ಲಿ ಸಿಗ್ನಲ್ಲೇ ಇರುವುದಿಲ್ಲ.

ಆದ್ದರಿಂದ ಮಾಡಬೇಕಾದ ಕೆಲಸ ಯಾವುದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಬೈನಾರಲ್ ರೆಕಾರ್ಡಿಂಗ್ (ಎರಡೂ ಕಿವಿಯಲ್ಲಿ ಮೈಕ್ ಇಟ್ಟು ಸದ್ದು ಹಿಡಿಯುವುದು) ಮಾಡುವವರಿಗೆ ಈ ಭಾಗಾಕಾರದ ರಕ್ಷಣೆ ಇಲ್ಲ. ಮೈಕಿನ ಉಬ್ಬುತಗ್ಗು, ನಾಯ್ಸ್ ಎರಡೂ ನೇರವಾಗಿ ಕೇಳುಗರ ಕಿವಿಗೆ ಹೋಗುತ್ತವೆ. ಹೆಡ್‌ಫೋನ್ ಸರಿದೂಗಿಸುವ ಅಳತೆಯಲ್ಲಿ ಮೈಕ್ ವಜಾ ಆಗುತ್ತದೆ, ಆದರೆ ಒಂದು ಷರತ್ತು: ಎಚ್‌ಆರ್‌ಟಿಎಫ್ ಅಳೆದ ಮೇಲೆ ಕಿವಿಯಿಂದ ಮೈಕ್ ತೆಗೆಯದೆ, ಅದರ ಮೇಲೆಯೇ ಹೆಡ್‌ಫೋನ್ ಹಾಕಿ ಅಳೆಯಬೇಕು. ಕಿವಿತಮಟೆಯ ಹತ್ತಿರದ ಒತ್ತಡವೇ ಬೇಕು ಎನ್ನುವವರದು ಮೂರನೆಯ ದಾರಿ, ಅದಕ್ಕೆ ಬೇರೆಯದೇ ಮೈಕ್ ಬೇಕು.

ಯಾವುದನ್ನು ನೋಡಿ ಆರಿಸಬೇಕು

ಗಾತ್ರವೇ ಮೊದಲು. ಈಗ ಹೆಚ್ಚಾಗಿ ಬಳಸುವುದು ನಾಳ ಮುಚ್ಚಿ ಅಳೆಯುವ ವಿಧಾನ. ದಿಕ್ಕಿನ ಮಾಹಿತಿಯೆಲ್ಲ ಮುಚ್ಚಿದ ಕಿವಿನಾಳದ ಬಾಯಲ್ಲೇ ಸಿಗುತ್ತದೆ, ಅಲ್ಲಿಂದ ತಮಟೆಯವರೆಗಿನ ಪಯಣ ಎಲ್ಲ ದಿಕ್ಕಿಗೂ ಒಂದೇ ಎಂಬುದನ್ನು ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯದ ಹ್ಯಾಮರ್ಸ್‌ಹೋಯ್ ಮತ್ತು ಮೋಲರ್ 1996ರಲ್ಲಿ ವಿವರವಾಗಿ ತೋರಿಸಿದರು. ಹಾಗಾಗಿ ಮೈಕಿನ ಮುಖ ನಾಳದ ಬಾಯಿಯ ಸಮಕ್ಕೆ ಬರಬೇಕು; ಹೊರಗೆ ಚಾಚಬಾರದು, ಒಳಗೆ ಹೂತುಹೋಗಲೂಬಾರದು. ಗಾಳಿಯಲ್ಲಿ 10 ಕಿಲೋಹರ್ಟ್ಸ್ ಸದ್ದಿನ ತರಂಗದ ಉದ್ದ 34 ಮಿ.ಮೀ., 16 ಕಿಲೋಹರ್ಟ್ಸಿನದು 21 ಮಿ.ಮೀ. ಮೈಕ್ 5 ಮಿ.ಮೀ. ಹೊರಗೆ ಚಾಚಿದರೆ 16 ಕಿಲೋಹರ್ಟ್ಸಿಗೆ ಅದು ಹೆಚ್ಚುಕಮ್ಮಿ ಕಾಲು ತರಂಗ. ಎತ್ತರದ ಗುರುತು ಕೊಡುವ 6ರಿಂದ 10 ಕಿಲೋಹರ್ಟ್ಸ್ ನಡುವಿನ ಆಳದ ತಗ್ಗುಗಳು ಅಷ್ಟಕ್ಕೇ ಜಾಗ ಬದಲಿಸುತ್ತವೆ. ವಯಸ್ಕರ ನಾಳದ ಬಾಯಿ ಸುಮಾರು 7 ಮಿ.ಮೀ. ಅಗಲ, ಅದೂ ದುಂಡಗಲ್ಲ, ಮೊಟ್ಟೆಯಾಕಾರ. ಮೈಕಿನ ಸುತ್ತ ಮುಚ್ಚಳದ ದಪ್ಪಕ್ಕೂ ಜಾಗ ಬೇಕು ಎಂದುಕೊಂಡರೆ ಕ್ಯಾಪ್ಸೂಲ್ (ಮೈಕಿನ ಸದ್ದು ಹಿಡಿಯುವ ಭಾಗ) 3 ಮಿ.ಮೀ. ಒಳಗಿದ್ದರೆ ಆರಾಮ, 5 ಮಿ.ಮೀ. ಆದರೆ ಬಿಗಿ, 6 ದಾಟಿದರೆ ಹಲವರ ಕಿವಿಗೆ ಹೋಗುವುದೇ ಇಲ್ಲ.

ನಾಯ್ಸಿನ ಲೆಕ್ಕ ಅನೇಕರಿಗೆ ಅಚ್ಚರಿ ತರುತ್ತದೆ. ತಲೆಯ ಜಾಗದಲ್ಲಿ 75 ಡೆಸಿಬಲ್ ಮಟ್ಟದ ಸ್ವೀಪ್ (ಕೆಳಗಿನ ಸ್ವರದಿಂದ ಮೇಲಿನದಕ್ಕೆ ಏರುವ ಪರೀಕ್ಷೆಯ ಸದ್ದು) ಹಾಕುತ್ತೀರಿ, ಮೈಕಿನ ಸೆಲ್ಫ್ ನಾಯ್ಸ್ 32 ಡೆಸಿಬಲ್ (ಎ) ಎಂದುಕೊಳ್ಳಿ. ನೇರ ಅಂತರ 43 ಡೆಸಿಬಲ್. ಒಂದು ಸೆಕೆಂಡಿನ, 20 ಕಿಲೋಹರ್ಟ್ಸ್ ಅಗಲದ ಸ್ವೀಪನ್ನು ಲೆಕ್ಕದಲ್ಲಿ ಇಂಪಲ್ಸ್ (ಒಂದೇ ಚುಟುಕು ಮಿಡಿತ) ಆಗಿ ಮಡಚಿದಾಗ ಕಾಗದದ ಮೇಲೆ ಇನ್ನೂ 43 ಡೆಸಿಬಲ್ ಲಾಭ. ಎಕ್ಸ್‌ಪೊನೆನ್ಷಿಯಲ್ ಸ್ವೀಪಿನಲ್ಲಿ ಮೇಲಿನ ಸ್ವರಗಳಿಗೆ ಶಕ್ತಿ ಕಮ್ಮಿ ಸಿಗುವುದರಿಂದ ಅಲ್ಲಿ ಲಾಭ ಇಷ್ಟಿರದು, ಆದರೂ ಸಾಕಷ್ಟು ಉಳಿಯುತ್ತದೆ. ಸ್ವೀಪಿನ ಉದ್ದ ಎರಡು ಪಟ್ಟಾದರೆ 3 ಡೆಸಿಬಲ್ ಸೇರುತ್ತದೆ. ಕೋಣೆಯೇ 30-35 ಡೆಸಿಬಲ್ ಗುಂಯ್‌ಗುಡುತ್ತಿರುವಾಗ 20 ಡೆಸಿಬಲ್ ಮೈಕಿಗೆ ಹೆಚ್ಚು ಹಣ ಸುರಿದು ಪ್ರಯೋಜನವಿಲ್ಲ. ಗಮನ ಕೊಡಬೇಕಾದದ್ದು ಸ್ಪೀಕರಿಗೆ ಬೆನ್ನು ಮಾಡಿದ ಕಿವಿಗೆ: ತಲೆಯ ನೆರಳಿನಿಂದ ಅಲ್ಲಿ ಮೇಲಿನ ಸ್ವರಗಳು 20 ಡೆಸಿಬಲ್ಲಿಗೂ ಹೆಚ್ಚು ಕುಗ್ಗುತ್ತವೆ, ಅದರ ಮೇಲೆ ತಗ್ಗುಗಳು ಬೇರೆ. ಎಲ್ಲ ಕಳೆದು 60 ಡೆಸಿಬಲ್ ಉಳಿದರೆ ನೆಮ್ಮದಿ.

ಎಡಬಲದ ಜೋಡಿ ಹೊಂದುವುದು, ಹೊಂದಿದ್ದು ಹಾಗೇ ನಿಲ್ಲುವುದು ಇನ್ನೊಂದು. ಎರಡು ಕಿವಿಗಳ ನಡುವೆ ಒಂದು ಡೆಸಿಬಲ್ ವ್ಯತ್ಯಾಸ ಬಂದರೂ ಕೇಳುವವರಿಗೆ ಸದ್ದು ಪಕ್ಕಕ್ಕೆ ಸರಿದಂತೆ ತಿಳಿಯುತ್ತದೆ. ಒಂದೊಂದು ಮೈಕಿಗೂ ಅದರದೇ ಗಾಳಿಯ ಅಳತೆ ಇದ್ದರೆ ಆರಂಭದ ವ್ಯತ್ಯಾಸ ಹೋಗುತ್ತದೆ. ಮೈಶಾಖಕ್ಕೆ ಮೈಕ್ ಬಿಸಿಯಾಗಿ ಜಾರುವುದು ಹೋಗುವುದಿಲ್ಲ. ಕಿವಿಯಲ್ಲಿಟ್ಟು ಐದು ನಿಮಿಷ ಬಿಟ್ಟು ಅಳತೆ ಶುರು ಮಾಡಿ.

ಕಾಲದ ವಿಷಯದಲ್ಲಿ ರಾಜಿ ಬೇಡ. ಎರಡು ಕಿವಿಗಳ ನಡುವಿನ ಅತಿ ದೊಡ್ಡ ಸಮಯದ ಅಂತರ ಸುಮಾರು 700 ಮೈಕ್ರೋಸೆಕೆಂಡ್, ಅನುಭವಿ ಕೇಳುಗರು ಗುರುತಿಸುವ ಅತಿ ಚಿಕ್ಕದು 10ರ ಆಸುಪಾಸು. 48 ಕಿಲೋಹರ್ಟ್ಸಿನಲ್ಲಿ ಒಂದು ಸ್ಯಾಂಪಲ್ ಅಂದರೆ 20.8 ಮೈಕ್ರೋಸೆಕೆಂಡ್. ಎರಡು ಬೇರೆ ಬೇರೆ ಯುಎಸ್‌ಬಿ ಮೈಕ್ ತಂದರೆ ಅವುಗಳ ಗಡಿಯಾರಗಳು ಒಂದಕ್ಕೊಂದು ಜಾರಿ ಅಳತೆ ಪೂರ್ತಿ ಹಾಳಾಗುತ್ತದೆ. ಎರಡೂ ಮೈಕ್ ಒಂದೇ ಸೌಂಡ್ ಕಾರ್ಡಿನ ಎರಡು ಚಾನೆಲ್ಲಿಗೇ ಹೋಗಬೇಕು, ಸ್ಪೀಕರಿಗೆ ಸಿಗ್ನಲ್ ಹೊರಡುವುದೂ ಅದೇ ಕಾರ್ಡಿನಿಂದ.

100 ಹರ್ಟ್ಸಿನ ಕೆಳಗೆ ಮೈಕ್ ಕುಸಿಯುತ್ತದೆ ಎಂಬುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಷ್ಟು ಉದ್ದದ ತರಂಗಕ್ಕೆ ತಲೆ ಲೆಕ್ಕಕ್ಕೇ ಇಲ್ಲ, ಆ ಭಾಗವನ್ನು ಹೇಗೂ ಮಾದರಿಯಿಂದ ತುಂಬುತ್ತಾರೆ.

ಶ್ರವಣಯಂತ್ರದ ಕ್ಯಾಪ್ಸೂಲ್: ನೋಲ್ಸ್ ಎಫ್‌ಜಿ-23329

ಅಡ್ಡಗಲ 2.59 ಮಿ.ಮೀ., ಉದ್ದವೂ ಅಷ್ಟೇ. ಸಾಸಿವೆಗಿಂತ ಸ್ವಲ್ಪ ದಪ್ಪ. ಮುಚ್ಚಿದ ನಾಳದ ಅಳತೆಗೆ ಈ ಜಾತಿಗೆ ಸಮನಾದದ್ದು ಸಿಗುವುದು ಕಷ್ಟ: ಫೋಮ್ ಮುಚ್ಚಳದ ನಡುವೆ ಹೂತು ಮುಖವನ್ನು ಸಮ ಮಾಡಿದರೆ ಹೊರಕಿವಿಯ ಬಟ್ಟಲಿಗೆ (ನಾಳದ ಬಾಯಿಯ ಸುತ್ತಲಿನ ಗುಳಿಗೆ) ಮೈಕ್ ಇರುವುದೇ ತಿಳಿಯುವುದಿಲ್ಲ. ಬೆಲೆಯೂ ಸ್ಟುಡಿಯೋ ಮೈಕಿನ ಚಿಕ್ಕ ಪಾಲು.

ತೊಂದರೆ ಇರುವುದು ವೈರಿಂಗಿನಲ್ಲಿ. ಇದಕ್ಕೆ ಮೂರು ಕಾಲು: ಪವರ್, ಔಟ್‌ಪುಟ್, ಗ್ರೌಂಡ್. ಪವರ್ 1.3 ವೋಲ್ಟ್ ಆಸುಪಾಸು, ಕರೆಂಟ್ ಹೆಚ್ಚೆಂದರೆ 50 ಮೈಕ್ರೋಆಂಪ್; ಒಂದು ಎಎ ಸೆಲ್ ಎರಡು ಮೈಕಿಗೆ ತಿಂಗಳುಗಟ್ಟಲೆ ಬರುತ್ತದೆ. ರೆಕಾರ್ಡರಿನ ಎರಡು ತಂತಿಯ ಪ್ಲಗ್-ಇನ್ ಪವರಿಗೆ ಸಿಕ್ಕಿಸಿದರೆ ಕೆಲಸ ಮಾಡದು. 48 ವೋಲ್ಟ್ ಫ್ಯಾಂಟಮ್ (ಮೈಕಿನ ಕೇಬಲ್ಲಿನಲ್ಲೇ ಬರುವ ಪವರ್) ಆನ್ ಇರುವ ಸಾಕೆಟ್ಟಿಗೆ ಕೊಟ್ಟರೆ ಕ್ಯಾಪ್ಸೂಲ್ ಸುಟ್ಟಿತೆಂದೇ ಲೆಕ್ಕ. ಔಟ್‌ಪುಟ್ ಇಂಪೀಡೆನ್ಸ್ ಕೆಲವು ಕಿಲೋಓಮ್ ಇರುವುದರಿಂದ ಸಾಮಾನ್ಯ ಮೈಕ್ ಇನ್‌ಪುಟ್ ಸಿಗ್ನಲನ್ನು ಅರ್ಧಕ್ಕೂ ಹೆಚ್ಚು ತಿನ್ನಬಹುದು. ನಡುವೆ ಕೆಪಾಸಿಟರ್ ಇಟ್ಟು ಒಂದು ಆಪ್-ಆಂಪ್ ಬಫರ್ ಕಟ್ಟಿಕೊಳ್ಳಿ. ಸೆನ್ಸಿಟಿವಿಟಿ ಸುಮಾರು 2.2 ಮಿಲಿವೋಲ್ಟ್ ಪ್ರತಿ ಪಾಸ್ಕಲಿಗೆ, ಅಂದರೆ 75 ಡೆಸಿಬಲ್ ಸದ್ದಿಗೆ ಬರುವುದು ಕಾಲು ಮಿಲಿವೋಲ್ಟ್. 40 ಡೆಸಿಬಲ್ ಗೇನ್ ಕೊಡುವ ಶುದ್ಧ ಪ್ರೀಆಂಪ್ ಇಲ್ಲದಿದ್ದರೆ ಮೈಕಿನ ಬೆಲೆಯಲ್ಲಿ ಉಳಿಸಿದ್ದನ್ನು ಪ್ರೀಆಂಪ್ ನುಂಗುತ್ತದೆ.

ಬೆಸುಗೆಯಲ್ಲಿ ಹಾಳಾಗುವ ಕ್ಯಾಪ್ಸೂಲ್‌ಗಳೇ ಹೆಚ್ಚು. ಕಾಲಿನ ಮೇಲೆ ಮೊದಲೇ ತವರದ ಹನಿ ಇರುತ್ತದೆ. ತಂತಿಯ ತುದಿಗೂ ತವರ ಹಚ್ಚಿಟ್ಟುಕೊಂಡು, ಕಾದ ಮೊನೆಯನ್ನು ಒಂದು ಸೆಕೆಂಡ್ ಮುಟ್ಟಿಸಿ ತೆಗೆಯಿರಿ. ಒಂದು ಕಾಲು ಆದ ಮೇಲೆ ಅರ್ಧ ನಿಮಿಷ ತಣಿಯಲು ಬಿಡಿ. ಎಲೆಕ್ಟ್ರೆಟ್ ಪದರಕ್ಕೆ (ಚಾರ್ಜ್ ಹಿಡಿದಿಟ್ಟುಕೊಂಡಿರುವ ಮೈಕಿನ ಪದರ) ಬಿಸಿ ಹೆಚ್ಚಾದರೆ ಅದರ ಚಾರ್ಜ್ ಸೋರಿಹೋಗುತ್ತದೆ. ಮೈಕ್ ಸತ್ತಂತೆ ಕಾಣದೆ ಸೆನ್ಸಿಟಿವಿಟಿ ಮಾತ್ರ ಹಲವು ಡೆಸಿಬಲ್ ಇಳಿದಿರುತ್ತದೆ, ಹಾಗಾಗಿ ಕಂಡುಹಿಡಿಯುವುದೂ ತಡ. ಕಿವಿಯಿಂದ ಮೊದಲ ಒಂದು ಗೇಣು ಎನಾಮಲ್ ಪೂಸಿದ ತೆಳು ಲಿಟ್ಜ್ ತಂತಿ ಇರಲಿ, ಅಲ್ಲಿಂದ ಮುಂದೆ ಕವಚವಿರುವ ಕೇಬಲ್, ಸೇರುವ ಕಡೆ ಕಾಲರಿಗೆ ಕ್ಲಿಪ್.

ಸ್ಟುಡಿಯೋ ಲ್ಯಾಪೆಲ್ ಜಾತಿ: ಡಿಪಿಎ 6060, 4060 ಮತ್ತು ಹಳೆಯ ಸೆನ್‌ಹೈಸರ್

ಡಿಪಿಎ 6060 ಮೂರು ಮಿ.ಮೀ. ಅಡ್ಡಗಲದ್ದು, ಸೆನ್ಸಿಟಿವಿಟಿ 20 ಮಿಲಿವೋಲ್ಟ್, ಸೆಲ್ಫ್ ನಾಯ್ಸ್ 24 ಡೆಸಿಬಲ್ (ಎ). ಬೆಸುಗೆ ಮುಟ್ಟದೆ, ಫ್ಯಾಂಟಮ್ ಅಡಾಪ್ಟರ್ ಹಾಕಿ ನೇರ ಸೌಂಡ್ ಕಾರ್ಡಿಗೆ ಕೊಡಬಹುದು. ಎಚ್‌ಆರ್‌ಟಿಎಫ್ ಜತೆಗೆ ಬೈನಾರಲ್ ರೆಕಾರ್ಡಿಂಗೂ ಬೇಕು, ಹಣವೂ ಇದೆ ಎನ್ನುವವರಿಗೆ ಇದಕ್ಕಿಂತ ನೆಮ್ಮದಿಯದು ಕಾಣದು. ಜೋಡಿಯ ಬೆಲೆ ಮಾತ್ರ ಚಿಕ್ಕದಲ್ಲ, ಜತೆಗೆ ಅಡಾಪ್ಟರ್ ಎರಡು ಬೇಕೆಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

4060 ಅಡ್ಡಗಲದಲ್ಲಿ 5.4 ಮಿ.ಮೀ., ಉದ್ದ 12.7 ಮಿ.ಮೀ., ನಾಯ್ಸ್ 23 ಡೆಸಿಬಲ್. ರೆಕಾರ್ಡಿಂಗಿಗೆ ಬಹಳ ಒಳ್ಳೆಯದು. ನಾಳ ಮುಚ್ಚಿ ಅಳೆಯಲು ಈ ಉದ್ದವೇ ಅಡ್ಡಿ: ಪೂರ್ತಿ ಒಳಗೆ ತಳ್ಳುವಂತಿಲ್ಲ, ಹೊರಗೆ ಬಿಟ್ಟರೆ ಬಟ್ಟಲು ತುಂಬುತ್ತದೆ. ಸೆಟ್ಟಿನ ಜತೆ ಬರುವ ಜಾಲರಿಗಳನ್ನೂ ನೋಡಿಕೊಳ್ಳಿ. ಗಿಡ್ಡದ್ದು ಮೇಲಿನ ಸ್ವರಗಳನ್ನು 3 ಡೆಸಿಬಲ್ ಎತ್ತುತ್ತದೆ, ಉದ್ದದ್ದು 12 ಕಿಲೋಹರ್ಟ್ಸಿನಲ್ಲಿ 10 ಡೆಸಿಬಲ್. ಗಾಳಿಯಲ್ಲಿ ಒಂದು ಜಾಲರಿ, ಕಿವಿಯಲ್ಲಿ ಇನ್ನೊಂದು ಹಾಕಿ ಅಳೆದರೆ ಆ ಏರಿಕೆ ಪೂರ್ತಿ ನಿಮ್ಮ ಎಚ್‌ಆರ್‌ಟಿಎಫ್ ಒಳಗೆ ಬಂದು ಕೂರುತ್ತದೆ.

ಸೆನ್‌ಹೈಸರ್ ಕೆಇ 4-211-2 ಹೆಸರು ಹಳೆಯ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವಿಯೆನ್ನಾದ ಎಆರ್‌ಐ (ಅಕೌಸ್ಟಿಕ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟ್) ಎಚ್‌ಆರ್‌ಟಿಎಫ್ ದತ್ತಾಂಶ ಅಳೆದದ್ದು ಅದರಲ್ಲೇ. ಅಡ್ಡಗಲ 4.75 ಮಿ.ಮೀ. ಈಗ ತಯಾರಿಕೆ ಇಲ್ಲ. ಯಾರ ಬಳಿಯಾದರೂ ಚೆನ್ನಾಗಿರುವ ಜೋಡಿ ಇದ್ದರೆ ಬಳಸಿ, ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಅಗ್ಗದ ಆರು ಮಿ.ಮೀ. ಎಲೆಕ್ಟ್ರೆಟ್

ಪ್ಯಾನಸಾನಿಕ್ ಡಬ್ಲ್ಯೂಎಂ-61ಎ ಒಂದು ಕಾಲದ ಮನೆಮಾತು: 6 ಮಿ.ಮೀ. ಅಗಲ, 3.4 ಮಿ.ಮೀ. ದಪ್ಪ. ತಯಾರಿಕೆ ನಿಂತ ಮೇಲೂ ಆ ಹೆಸರಿನಲ್ಲಿ ನಕಲಿ ಧಾರಾಳವಾಗಿ ಸಿಗುತ್ತದೆ. ಅಸಲಿಯಲ್ಲೇ ಸೆನ್ಸಿಟಿವಿಟಿ ±4 ಡೆಸಿಬಲ್ ಆಚೀಚೆ ಇರಬಹುದೆಂದು ಡೇಟಾಶೀಟು ಹೇಳುತ್ತದೆ. ಹತ್ತು ತಂದು ಅಳೆದು ಹೊಂದುವ ಎರಡನ್ನು ಆರಿಸಬೇಕು. ಈಗ ಕೊಳ್ಳುವುದಾದರೆ ಪ್ರೈಮೊ ಇಎಂ258 ಈ ಗಾತ್ರದಲ್ಲಿ ನಂಬಬಹುದಾದದ್ದು. ಎರಡೇ ತಂತಿ, ಪ್ಲಗ್-ಇನ್ ಪವರಿನಲ್ಲೇ ಓಡುತ್ತದೆ. ವಿದ್ಯಾರ್ಥಿಗಳು ಮೊದಲ ಸಲ ಕೈಯಾಡಿಸಲು, ದೊಡ್ಡ ಕಿವಿಯವರನ್ನೋ ಕೃತಕ ತಲೆಯನ್ನೋ ಅಳೆಯಲು ಇದು ಸಾಕು. ಚಿಕ್ಕ ನಾಳದವರಿಗೆ ಬಾಯಿಯಲ್ಲೇ ನಿಂತುಬಿಡುತ್ತದೆ, 8 ಕಿಲೋಹರ್ಟ್ಸಿನ ಮೇಲಿನ ಗೆರೆಯನ್ನು ಆಗ ನಂಬಬೇಡಿ. ಇದೇ ಮನೆತನದ ಇಎಂ272ರ ನಾಯ್ಸ್ 14 ಡೆಸಿಬಲ್ ಎಂದು ಆಸೆಪಟ್ಟು ತರುವವರಿದ್ದಾರೆ. ಅದು 10 ಮಿ.ಮೀ. ಅಗಲ, ನಾಳದೊಳಗೆ ಹೋಗದು.

ಮೆಮ್ಸ್ ಚಿಪ್

ಇನ್ಫಿನಿಯಾನ್ ಐಎಂ73ಎ135ರಂಥ ಅನಲಾಗ್ ಮೆಮ್ಸ್ ಮೈಕಿನ (ಚಿಪ್ಪಿನೊಳಗೇ ಪುಟ್ಟ ಪೊರೆ ಇರುವ ಮೈಕ್) ಮೈ 4×3×1.2 ಮಿ.ಮೀ., ಸಿಗ್ನಲ್-ನಾಯ್ಸ್ ಅಂತರ 73 ಡೆಸಿಬಲ್, ಅಂದರೆ ಸೆಲ್ಫ್ ನಾಯ್ಸ್, ಆ ಅಂತರ ಅಳೆಯುವ ರೂಢಿಯ ಮಟ್ಟವಾದ 94 ಡೆಸಿಬಲ್ಲಿನಿಂದ 73 ಕಳೆದು, 21. ಒಂದು ಚಿಪ್ಪಿಗೂ ಇನ್ನೊಂದಕ್ಕೂ ಸೆನ್ಸಿಟಿವಿಟಿ ವ್ಯತ್ಯಾಸ ಒಂದು ಡೆಸಿಬಲ್ ಒಳಗೆ. ಬೆಲೆ ಬಲು ಕಮ್ಮಿ. ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಬಳಸಬಾರದು? ಚಿಪ್ ಒಂದೇ ನಿಲ್ಲುವುದಿಲ್ಲ, ಅದಕ್ಕೊಂದು ಬೋರ್ಡ್, ಬೋರ್ಡಿನ ಮೇಲೊಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ತಂತಿಗೆ ಜಾಗ. ಎಲ್ಲ ಸೇರಿ 5×6 ಮಿ.ಮೀ. ಆಗುವುದು ಸುಲಭ. ಬಾಗುವ ತೆಳು ಬೋರ್ಡ್ ಮಾಡಿಸಿ ಕೆಪಾಸಿಟರನ್ನು ಬಾಲದ ಕಡೆಗೆ ದೂಡಿದರೆ ಚೊಕ್ಕ ಕೂರುತ್ತದೆ. ಒಂದೇ ಕಿವಿಗೆ ಇಷ್ಟು ಪಾಡು ಅತಿಯಾಯಿತು, ಆದರೆ ಇಪ್ಪತ್ತು ಮೂವತ್ತು ಜನರನ್ನು ಅಳೆಯುವ ಗುಂಪಿಗೆ ಒಂದೇ ಸಲ ಹತ್ತಾರು ಜೋಡಿ ಮಾಡಿಸುವುದು ಲಾಭವೇ.

ಸದ್ದು ಹೊಗುವ ತೂತು ಬಹುತೇಕ ಚಿಪ್ಪಿನ ತಳದಲ್ಲಿರುತ್ತದೆ, ಬೋರ್ಡಿನ ತೂತಿನ ಮೂಲಕ. ಬೋರ್ಡಿನ ಬೆನ್ನು ಹೊರಗೆ ಮುಖ ಮಾಡಬೇಕು. ಬೆಸುಗೆ ಆದ ಮೇಲೆ ಬೋರ್ಡ್ ತೊಳೆಯಬೇಡಿ, ಒತ್ತಡದ ಗಾಳಿ ಊದಬೇಡಿ, ಪೊರೆ ಹರಿಯುತ್ತದೆ. ಡಿಜಿಟಲ್ ಪಿಡಿಎಂ (ಸದ್ದನ್ನು ಒಂದು ಬಿಟ್ಟಿನ ಮಿಡಿತಗಳಾಗಿ ಕಳಿಸುವ) ಜಾತಿಯಲ್ಲಿ ಸುಮಾರು 3 ಮೆಗಾಹರ್ಟ್ಸ್ ಗಡಿಯಾರ ತೆಳು ತಂತಿಯಲ್ಲಿ ಒಂದು ಮೀಟರ್ ಓಡಬೇಕಾಗುತ್ತದೆ. ಈ ಕೆಲಸಕ್ಕೆ ಅನಲಾಗೇ ಸುಲಭ.

ಪ್ರೋಬ್ ಕೊಳವೆ, ಸಿದ್ಧ ಜೋಡಿ

ಎಟಿಮೋಟಿಕ್ ಇಆರ್-7ಸಿಯಲ್ಲಿ ಮೈಕ್ ಹೊರಗೆ, ಕಿವಿಗೆ ಹೋಗುವುದು ಒಂದು ಮಿ.ಮೀ. ದಪ್ಪದ ಮೆದು ಸಿಲಿಕೋನ್ ಕೊಳವೆ ಮಾತ್ರ. ಕ್ಯಾಲಿಫೋರ್ನಿಯಾದ ಸಿಪಿಕ್ ಎಂಬ ಎಚ್‌ಆರ್‌ಟಿಎಫ್ ದತ್ತಾಂಶವನ್ನು (2001, ಕೃತಕ ತಲೆಯ ಎರಡು ಸೇರಿ 45 ಜೋಡಿ ಕಿವಿ, ಒಂದೊಂದಕ್ಕೆ 1250 ದಿಕ್ಕು) ನಾಳ ಮುಚ್ಚಿ ಇದರಲ್ಲೇ ಅಳೆದರು. ತಮಟೆಯ ಬಳಿಯ ಒತ್ತಡ ಬೇಕಾದವರಿಗೆ ಬೇರೆ ದಾರಿಯಿಲ್ಲ. ಆದರೆ ಕೊಳವೆಯ ತುದಿ ತಮಟೆಯಿಂದ 10 ಮಿ.ಮೀ. ದೂರ ಉಳಿದರೆ ಮರಳಿ ಬರುವ ತರಂಗದಿಂದ 8.6 ಕಿಲೋಹರ್ಟ್ಸಿನಲ್ಲಿ ಒಂದು ಆಳದ ತಗ್ಗು ಬೀಳುತ್ತದೆ, 5 ಮಿ.ಮೀ. ಹತ್ತಿರ ಹೋದರೆ ಅದು 17 ಕಿಲೋಹರ್ಟ್ಸಿಗೆ ಸರಿಯುತ್ತದೆ. ಅಷ್ಟು ಹತ್ತಿರ ಕೊಳವೆ ಇಡುವುದು ಒಟೋಸ್ಕೋಪ್ ಹಿಡಿದು ನೋಡಬಲ್ಲ ತರಬೇತಾದ ಆಡಿಯಾಲಜಿಸ್ಟರ ಕೆಲಸ.

ಇಯರ್‌ಫೋನ್ ರೂಪದ ಸಿದ್ಧ ಬೈನಾರಲ್ ಜೋಡಿಗಳಲ್ಲಿ (ರೋಲ್ಯಾಂಡ್ ಸಿಎಸ್-10ಇಎಂ ಇದಕ್ಕೆ ಹೆಸರಾಗಿತ್ತು) ಮೈಕ್ ಇರುವುದು ಇಯರ್‌ಬಡ್ಡಿನ ಹೊರಮುಖದಲ್ಲಿ, ಬಡ್ಡು ಬಟ್ಟಲನ್ನೇ ತುಂಬುತ್ತದೆ. ರಸ್ತೆಯ ಸದ್ದು, ಮಳೆ, ಸಂತೆ ಹಿಡಿಯಲು ಬಹಳ ಅನುಕೂಲ. ಎಡಬಲ ಸ್ಪಷ್ಟ ಬರುತ್ತದೆ. ಎತ್ತರದ ಗುರುತು ಹೊರಕಿವಿಯ ಬಟ್ಟಲಿನಲ್ಲೇ ಹುಟ್ಟುವುದರಿಂದ ಎಚ್‌ಆರ್‌ಟಿಎಫ್‌ಗೆ ಇವು ಬೇಡ. ಬ್ರೂಯೆಲ್ ಅಂಡ್ ಕೇರ್ 4101ರಂಥ ಅಳತೆದರ್ಜೆಯವು ಸದ್ದಿನ ನಿಜ ಮಟ್ಟವನ್ನೇ ವರದಿಯಲ್ಲಿ ಬರೆಯಬೇಕಾದವರಿಗೆ. ಬಜೆಟ್ ಸಂಸ್ಥೆಯದಾಗಿದ್ದರೆ ಯೋಚಿಸಿ.

ಮುಚ್ಚಳದ ಕೆಲಸ

ಮೈಕ್ ಯಾವುದೇ ಇರಲಿ, ಮುಚ್ಚಳ ಕೆಟ್ಟರೆ ಎಲ್ಲ ಕೆಟ್ಟಂತೆ. ಸಾಧಾರಣ ಹಳದಿ ಫೋಮ್ ಇಯರ್‌ಪ್ಲಗ್ಗನ್ನು 8-10 ಮಿ.ಮೀ. ಉದ್ದಕ್ಕೆ ಹೊಸ ಬ್ಲೇಡಿನಿಂದ ಒಂದೇ ಎಳೆತದಲ್ಲಿ ನೇರ ಕತ್ತರಿಸಿ. ನಡುವೆ ಕ್ಯಾಪ್ಸೂಲಿಗಿಂತ ಅರ್ಧ ಮಿ.ಮೀ. ಕಿರಿದಾದ ತೂತು, ತಂತಿಗೆ ಪಕ್ಕದಲ್ಲೊಂದು ಸೀಳು. ಮೈಕನ್ನು ಹಿಂದಿನಿಂದ ತಳ್ಳಿ, ಮುಖ ಫೋಮಿನ ಮುಖಕ್ಕೆ ಸಮವಾಗುವವರೆಗೆ. ಉಗುರಿನಿಂದ ಸವರಿದರೆ ಏರೂ ಸಿಗಬಾರದು, ಗುಳಿಯೂ ಸಿಗಬಾರದು. ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಫೋಮಿನ ಅಂಚು ಹಿಸುಕಿ ಒಳಗಿಟ್ಟು, 40 ಸೆಕೆಂಡ್ ಬೆರಳಿನಿಂದ ಅಂಚನ್ನಷ್ಟೇ ಹಿಡಿದಿರಿ. ತಂತಿ ಕೆಳಗಿನ ಸೀಳಿನ ಮೂಲಕ ಕೆನ್ನೆಗೆ ಇಳಿಯಲಿ, ಅಲ್ಲೊಂದು ತುಂಡು ವೈದ್ಯಕೀಯ ಟೇಪ್. ಬಟ್ಟಲಿನಲ್ಲಿ ತಂತಿ ಸುರುಳಿ ಸುತ್ತಿದರೆ ಅದೂ ಅಳತೆಗೆ ಸೇರುತ್ತದೆ. ಪಕ್ಕದಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಗೆರೆ ವಿಚಿತ್ರವಾಗಿ ಕಂಡಾಗ ಮೊದಲು ನೋಡಬೇಕಾದದ್ದು ಅದು.

ಅಚ್ಚು ತೆಗೆಯುವ ಸಿಲಿಕೋನನ್ನು ಕಿವಿಗೆ ನೀವೇ ತುಂಬಬೇಡಿ. ಒಳಗೆ ತಡೆ ಇಡದೆ ಹಾಕಿದರೆ ತಮಟೆಗೆ ಅಂಟುವ ಅಪಾಯವಿದೆ. ಫೋಮ್ ಒಬ್ಬರಿಗೆ ಒಂದೇ ಸಲ. ಮೈಕಿನ ಬದಿಯನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿ, ತೂತಿಗೆ ಒದ್ದೆ ಮುಟ್ಟಿಸಬೇಡಿ. ಗುಗ್ಗೆ ಕಟ್ಟಿದ ಮೈಕ್ ಮೇಲಿನ ಸ್ವರಗಳನ್ನು ಮೊದಲು ಕಳೆದುಕೊಳ್ಳುತ್ತದೆ. ಎರಡೂ ಕಿವಿ ಮುಚ್ಚಿದವರಿಗೆ ನಿಮ್ಮ ಮಾತು ಕೇಳದು, ಕೈಸನ್ನೆ ಮೊದಲೇ ಗೊತ್ತುಮಾಡಿಕೊಳ್ಳಿ.

ಯಾರಿಗೆ ಯಾವುದು

ಬೆಸುಗೆ ಬಲ್ಲವರು, ಎಚ್‌ಆರ್‌ಟಿಎಫ್ ಮಾತ್ರ ಬೇಕಾದವರು ಎಫ್‌ಜಿ-23329 ತನ್ನಿ. ಬೆಸುಗೆ ಬೇಡ, ರೆಕಾರ್ಡಿಂಗೂ ಬೇಕು, ಖರ್ಚಿಗೆ ಹೆದರಿಕೆಯಿಲ್ಲ ಎಂದರೆ 6060. ರೆಕಾರ್ಡಿಂಗೇ ಮುಖ್ಯ, ಅಳತೆ ಅಪರೂಪ ಎಂದರೆ 4060 ಅಥವಾ ಸಿದ್ಧ ಜೋಡಿ. ಕೈ ತುಂಬ ಜನರನ್ನು ಅಳೆಯುವ, ಬೋರ್ಡ್ ಮಾಡಿಸಬಲ್ಲ ಗುಂಪಿಗೆ ಮೆಮ್ಸ್. ಕಲಿಯುವವರಿಗೆ ಇಎಂ258 ಸಾಕು. ಅದರಲ್ಲಿ ಮುಚ್ಚಳದ ಕೈಹದ ಬಂದ ಮೇಲೆ ಚಿಕ್ಕ ಕ್ಯಾಪ್ಸೂಲಿಗೆ ಹೋದರೆ ಹಾಳಾಗುವುದೂ ಕಮ್ಮಿ.

ತಂದದ್ದನ್ನು ಕಿವಿಗೆ ಇಡುವ ಮೊದಲು ಎರಡು ಪರೀಕ್ಷೆ. ಎರಡು ಮೈಕ್ ಮುಖಗಳನ್ನು ಒಂದು ಮಿ.ಮೀ. ಅಂತರದಲ್ಲಿ ಅಕ್ಕಪಕ್ಕ ಹಿಡಿದು ಸ್ಪೀಕರಿನ ಮುಂದೆ ಸ್ವೀಪ್ ಹಾಕಿ, ಚಾನೆಲ್ ಅದಲುಬದಲು ಮಾಡಿ ಮತ್ತೆ ಹಾಕಿ. ವ್ಯತ್ಯಾಸ ಮೈಕಿನ ಜತೆ ಹೋದರೆ ಮೈಕಿನದು, ಚಾನೆಲ್ಲಿನಲ್ಲೇ ಉಳಿದರೆ ಪ್ರೀಆಂಪಿನದು. ಆಮೇಲೆ ಒಂದೇ ಕಿವಿಗೆ ಮುಚ್ಚಳವನ್ನು ಮೂರು ಸಲ ತೆಗೆದು ಹಾಕಿ, ಒಂದೇ ದಿಕ್ಕಿನಿಂದ ಅಳೆಯಿರಿ. 6 ಕಿಲೋಹರ್ಟ್ಸಿನವರೆಗೆ ಮೂರೂ ಗೆರೆ ಒಂದು ಡೆಸಿಬಲ್ ಒಳಗೆ ಕೂಡಬೇಕು. 10ರ ಮೇಲೆ ಕೆಲವು ಡೆಸಿಬಲ್ ಚದುರುವುದು ಸಹಜ. 3 ಕಿಲೋಹರ್ಟ್ಸ್ ಸುತ್ತಲೇ ಚದುರಿದರೆ ಮುಚ್ಚಳ ಸೋರುತ್ತಿದೆ ಎಂದು ಮೊದಲು ಶಂಕಿಸಿ, ಹೊಸ ಫೋಮ್ ಕತ್ತರಿಸಿ. ಎರಡು ಬೇಕಾದಲ್ಲಿ ನಾಲ್ಕು ಕ್ಯಾಪ್ಸೂಲ್ ತರಿಸಿಕೊಳ್ಳುವುದೂ ಇದಕ್ಕೇ: ಒಂದು ಬೆಸುಗೆಗೆ ಹೋದರೆ ಉಳಿದ ಮೂರರಲ್ಲಿ ಹೊಂದುವ ಜೋಡಿ ಸಾಮಾನ್ಯವಾಗಿ ಸಿಗುತ್ತದೆ.